ನೋಟದ ಅಗಲ

ಹೊನ್ನೆಕಾಡು ಎಸ್ಟೇಟಿನ ಗುಡ್ಡ ಜಾರಿದಾಗ ಬಾಲರಾಜ್ ಕಳಸದ ಮೆಡಿಕಲ್ ಅಂಗಡಿಯಲ್ಲಿ ತಾಯಿಯ ಬಿ.ಪಿ. ಮಾತ್ರೆ ಕೊಳ್ಳುತ್ತಿದ್ದ. ವಾಪಸ್ಸು ಬಂದಾಗ ಎಸ್ಟೇಟಿನ ಗೇಟಿನ ಹತ್ತಿರ ಜನ ಸೇರಿದ್ದರು. ತೋಟದ ಲೆಕ್ಕ ಬರೆಯುವ ರೈಟರ್ ಓಡಿಬಂದು ಅವನ ರಟ್ಟೆ ಹಿಡಿದುಕೊಂಡ.

"ಮೇಲೆ ಹೋಗ್ಬೇಡ ಮಾರಾಯ. ಆ ಕಡೆ ಎಂತದೂ ಇಲ್ಲ."

ಮನೆಯಲ್ಲಿ ಹೆಂಡತಿ ರೇವತಿ ಇದ್ದಳು, ತಾಯಿ ಹುಚ್ಚಮ್ಮ ಇದ್ದಳು. ಅದು ಕೂಲಿಯಾಳುಗಳ ಲೈನ್ ಮನೆಗಳ ಸಾಲಿನಲ್ಲಿದ್ದ ಮನೆಯಲ್ಲ. ಹೊಸ ರೊಬಸ್ಟಾ ಕಾಫಿ ತೋಟ ನೋಡಿಕೊಳ್ಳಲೆಂದು ಎಸ್ಟೇಟಿನವರು ಗುಡ್ಡದ ನಡುವೆ ಕಟ್ಟಿಸಿಕೊಟ್ಟಿದ್ದ ಒಂಟಿ ಮನೆ. ಎರಡು ಕೋಣೆ, ಒಂದು ಅಡಿಗೆಮನೆ, ನೀಲಿ ತಗಡಿನ ಮಾಡು. ಬೆಳಿಗ್ಗೆ ಅವನು ಹೊರಡುವಾಗ ರೇವತಿ ಅಕ್ಕಿ ನೆನೆಹಾಕುತ್ತಿದ್ದಳು.

ಈಗ ಅಲ್ಲಿ ಗುಡ್ಡದ ತುದಿಯಿಂದ ಬುಡದವರೆಗೆ ಕೆಂಪು ಮಣ್ಣು ಮಾತ್ರ. ಕಾಫಿ ಗಿಡ, ಸಿಲ್ವರ್ ಓಕ್, ಮೆಣಸಿನ ಬಳ್ಳಿ ಎಲ್ಲ ಒಟ್ಟಿಗೆ ಇಳಿದುಹೋಗಿದ್ದವು. ಗುಡ್ಡದ ನಡುವಿದ್ದ ಆನೆಬಂಡೆ ಎಂಬ ದೊಡ್ಡ ಕರಿಕಲ್ಲೊಂದೇ ಅಲುಗಾಡದೆ ನಿಂತಿತ್ತು. ಜಾರಿಬಂದ ಮಣ್ಣು ಅದಕ್ಕೆ ಬಡಿದು ಎರಡಾಗಿ ಒಡೆದು, ಒಂದು ಪಾಲು ರಸ್ತೆ ಕಡೆಗೂ ಇನ್ನೊಂದು ಪಾಲು ಹಳ್ಳದ ಕಡೆಗೂ ಹರಿದಿತ್ತು. ಎರಡೂ ಕಡೆ ಬೆಟ್ಟದಂಥ ರಾಶಿ. ಮನೆ ಇದ್ದದ್ದು ಬಂಡೆಗಿಂತ ಸ್ವಲ್ಪ ಮೇಲೆ. ಅದು ಯಾವ ಪಾಲಿನ ಜೊತೆ ಹೋಯಿತು ಎಂಬುದು ಯಾರಿಗೂ ಗೊತ್ತಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ರಕ್ಷಣಾ ದಳದವರು ಬಂದರು. ಅವರ ಮುಖ್ಯಸ್ಥ ಅಶ್ವಿನ್ ಬಾಲರಾಜನನ್ನು ಪಕ್ಕಕ್ಕೆ ಕರೆದು ಮನೆ ಎಲ್ಲಿತ್ತೆಂದು ಕೇಳಿದ. ಬಾಲರಾಜ್ ಒಂದು ಕಡೆ ಕೈ ತೋರಿಸಿದ. ನಾಲ್ಕು ಹೆಜ್ಜೆ ನಡೆದು ಇನ್ನೊಂದು ಕಡೆ ತೋರಿಸಿದ. ಆಮೇಲೆ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಹಲಸಿನ ಮರದ ಹತ್ರ ತಿರುಗಿದ್ರೆ ನಮ್ಮನೆ ಸರ್. ಆ ಮರಾನೇ ಇಲ್ಲ. ನಾನು ಎಂತ ಹೇಳ್ಲಿ?"

ರಾಶಿ ದೊಡ್ಡದು. ಆ ಕಿರಿದಾದ ದಾರಿಯಲ್ಲಿ ತರಲು ಸಾಧ್ಯವಾಗಿದ್ದದ್ದು ಮಣ್ಣು ಅಗೆಯುವ ಒಂದೇ ಹಿಟಾಚಿ ಯಂತ್ರ. ಎರಡೂ ಕಡೆ ಒಟ್ಟಿಗೆ ಅಗೆಯುವ ಹಾಗಿರಲಿಲ್ಲ. ಉಪಗ್ರಹದ ಚಿತ್ರ ತೆಗೆದು ನೋಡಿದರೆ ನೆರಳಿನ ಮರಗಳ ಹಸಿರಲ್ಲದೆ ಬೇರೇನೂ ಕಾಣಲಿಲ್ಲ. ಆಗಲೇ ಬಾಲರಾಜನಿಗೆ ಪ್ರಸಾದರ ಹೋಂಸ್ಟೇಯ ಗೋಡೆಯ ಮೇಲಿದ್ದ ಚಿತ್ರ ನೆನಪಾಯಿತು.

ಪ್ರಸಾದರ ಹೋಂಸ್ಟೇ ಇರುವುದು ಕಣಿವೆಯ ಆಚೆ ಬದಿಯ ಗುಡ್ಡದಲ್ಲಿ. ಅಲ್ಲಿಯ ಊಟದ ಹಾಲಿನಲ್ಲಿ ಒಂದು ಗೋಡೆಯ ಉದ್ದಕ್ಕೂ ಕಣಿವೆಯ ದೊಡ್ಡ ಪನೋರಮಾ ಚಿತ್ರವಿತ್ತು. ಹಿಂದಿನ ಡಿಸೆಂಬರಿನಲ್ಲಿ ಮೂಡಿಗೆರೆಯ ಗಾನವಿ ಬಂದು ತೆಗೆದದ್ದು. ಬಾಲರಾಜ್ ಸೌದೆ ಹಾಕಲು ಹೋದಾಗ ಅದರಲ್ಲಿ ತನ್ನ ಮನೆಯ ಮಾಡು ಉಗುರಿನಷ್ಟು ನೀಲಿಯಾಗಿ ಕಾಣುವುದನ್ನು ಕಂಡು ಹಿಡಿದಿದ್ದ. ಮರುದಿನ ರೇವತಿಯನ್ನೂ ಕರೆದುಕೊಂಡು ಹೋಗಿ ತೋರಿಸಿದ್ದ.

ವಿಷಯ ತಿಳಿಸಿದ್ದೇ ಪ್ರಸಾದರು ಆಗಿಂದಾಗಲೇ ಗಾನವಿಗೆ ಫೋನ್ ಮಾಡಿದರು.

ಗಾನವಿಗೆ ಮೂವತ್ತರ ಆಸುಪಾಸು. ಮೂಡಿಗೆರೆ ಪೇಟೆಯಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದಳು. ಮದುವೆ, ನಾಮಕರಣಗಳ ಕೆಲಸ ಬೇರೆಯವರಿಗೂ ಬರುತ್ತಿತ್ತು. ಸಾಲಾಗಿ ತೆಗೆದ ಫೋಟೋಗಳನ್ನು ಅಂಚಿಗೆ ಅಂಚು ಕೂಡಿಸಿ ಒಂದೇ ಅಗಲದ ಚಿತ್ರ ಮಾಡುವುದು ಮಾತ್ರ ಆ ಕಡೆ ಅವಳಿಗೇ ಬರುತ್ತಿದ್ದ ವಿದ್ಯೆ. ಫೋನ್ ಬಂದ ಕೂಡಲೇ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಹೊರಟಳು. ರಸ್ತೆಗೆ ಬಿದ್ದ ಮರಗಳನ್ನು ಕಡಿದು ದಾರಿ ಮಾಡುತ್ತಿದ್ದವರ ಹಿಂದೆ ಕಾದು ಕಾದು, ಸಂಜೆಯಾಗುವ ಮೊದಲು ಹೊನ್ನೆಕಾಡು ಮುಟ್ಟಿದಳು.

ಎಸ್ಟೇಟಿನ ಆಫೀಸಿನಲ್ಲಿ ಮೇಜಿನ ಮೇಲೆ ಚಿತ್ರ ತೆರೆದಾಗ ಬಾಲರಾಜ್ ಬಾಗಿ ನೋಡಿ, ನೀಲಿ ಚುಕ್ಕೆಯ ಮೇಲೆ ಬೆರಳಿಟ್ಟ. ಬೆರಳನ್ನು ತೆಗೆಯಲೇ ಇಲ್ಲ.

"ಇದೇ ಅಕ್ಕ. ಇದೇ ನಮ್ಮನೆ."

ಎದುರು ಗುಡ್ಡಕ್ಕೇ ಹೋಗಿ, ಚಿತ್ರ ತೆಗೆದ ಜಾಗದಲ್ಲಿ ನಿಂತು ನೋಡಿದ್ದರೆ ಸುಲಭವಿತ್ತು. ಆದರೆ ಕಣಿವೆ ತುಂಬ ಮಂಜು ಕವಿದು, ಅಲ್ಲಿಂದ ತಮ್ಮ ಅಂಗಳವೇ ಕಾಣುವುದಿಲ್ಲವೆಂದು ಪ್ರಸಾದರು ಹೇಳಿದ್ದರು. ಲೆಕ್ಕ ಹಾಕಿಯೇ ಹುಡುಕಬೇಕಿತ್ತು. ಗಾನವಿಗೆ ದಾರಿ ತಿಳಿದಿತ್ತು. ಇಂಥ ಚಿತ್ರದಲ್ಲಿ ಎಡದಿಂದ ಬಲಕ್ಕೆ ಇರುವ ಅಂತರವೆಂದರೆ ಕೋನವೇ. ಇಡೀ ಚಿತ್ರ ಎಷ್ಟು ಡಿಗ್ರಿ ಅಗಲದ ನೋಟವನ್ನು ಹಿಡಿದಿದೆ ಎಂಬುದು ಗೊತ್ತಿದ್ದರೆ, ಅದರೊಳಗಿನ ಯಾವ ಎರಡು ವಸ್ತುಗಳ ನಡುವೆಯೂ ಎಷ್ಟು ಡಿಗ್ರಿ ಎಂದು ಹೇಳಬಹುದು. ಚಿತ್ರದ ಎಡತುದಿಯಲ್ಲಿ ಗಾಳಿಗುಡ್ಡದ ನೆತ್ತಿ ಸ್ಪಷ್ಟವಾಗಿತ್ತು. ನಕ್ಷೆಯಲ್ಲೂ ಅದು ಇತ್ತು. ಆನೆಬಂಡೆ ಮಾತ್ರ ಆಗ ಮರಗಳ ಮರೆಯಲ್ಲಿ ಅಡಗಿ ಚಿತ್ರದಲ್ಲಿ ಕಾಣುತ್ತಿರಲಿಲ್ಲ. ಗಾಳಿಗುಡ್ಡದಿಂದ ನೀಲಿ ಮಾಡಿಗೆ ಅರವತ್ತೈದು ಡಿಗ್ರಿ ಬಂತು. ತಾನು ನಿಂತು ಚಿತ್ರ ತೆಗೆದಿದ್ದ, ಪ್ರಸಾದರ ಮನೆಯ ಹಿಂದಿನ ಬಂಡೆಯಿಂದ ಅಷ್ಟು ಕೋನಕ್ಕೆ ನಕ್ಷೆಯ ಮೇಲೆ ಗೆರೆ ಎಳೆದಳು. ಗೆರೆ ಆನೆಬಂಡೆಯನ್ನು ದಾಟಿ ರಸ್ತೆ ಕಡೆಗೆ ಬಿತ್ತು.

ಅಶ್ವಿನ್ ಕೇಳಿದ, "ಮೇಡಂ, ಎಷ್ಟು ನಂಬಬಹುದು ಇದನ್ನ? ನಮಗಿರೋದು ಒಂದೇ ಮಷೀನು."

ಗಾನವಿ ಇನ್ನೊಮ್ಮೆ ಅಳೆದಳು. ಅದೇ ಉತ್ತರ ಬಂತು. "ನಂಬಬಹುದು ಸರ್. ಅಂದಾಜಲ್ಲ ಇದು, ಲೆಕ್ಕ."

ಬಾಲರಾಜ್ ಅಶ್ವಿನನ ಕಾಲಿಗೇ ಬಿದ್ದ. "ಅಕ್ಕ ತೋರ್ಸಿದ ಕಡೇನೇ ತೆಗೀರಿ ಸರ್. ಫೋಟೋದಲ್ಲಿ ಉಂಟಲ್ಲ ಮನೆ!"

ಹಿಟಾಚಿ ರಸ್ತೆ ಕಡೆಯ ರಾಶಿಗೆ ಬಾಯಿ ಹಾಕಿತು.

ಆ ಸಂಜೆ, ಮರುದಿನ ಇಡೀ ಹಗಲು, ಅದರ ಮರುದಿನವೂ ಅಗೆದರು. ಒಂದೆರಡು ಸಲ ಯಂತ್ರ ನಿಲ್ಲಿಸಿ, ಕೆಲಸದವರೆಲ್ಲ ಸುಮ್ಮನಾಗಿ ಮಣ್ಣಿಗೆ ಕಿವಿಗೊಟ್ಟರು. ಹಳ್ಳದ ಮೊರೆತ, ಬಾಲರಾಜನ ಕೂಗು ಬಿಟ್ಟರೆ ಏನೂ ಇಲ್ಲ. ಕಾಫಿ ಗಿಡಗಳು ಬೇರು ಸಮೇತ ಬಂದವು, ಸಿಲ್ವರ್ ಓಕ್ ಮರದ ಕಾಂಡಗಳು ಬಂದವು. ಮನೆಯದು ಅನ್ನುವಂಥದ್ದು ಒಂದು ಇಟ್ಟಿಗೆ ಚೂರೂ ಸಿಗಲಿಲ್ಲ. ತೋಟದ ಕೆಲಸದ ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತರು. ಅವರಲ್ಲಿ ಹಿರಿಯಳಾದ ಮುದ್ದಮ್ಮ ಗಾನವಿಯ ಪಕ್ಕ ಬಂದು ನಿಂತು, "ಇನ್ನೂ ಕೆಳಗಡೆ ಇರ್ಬಹುದಾ ಮೇಡಂ?" ಎಂದು ಮೆಲ್ಲನೆ ಕೇಳಿದಳು. "ಇರ್ಬೇಕಮ್ಮ," ಎಂದಳು ಗಾನವಿ. ಆಮೇಲೆ ಪ್ರಸಾದರ ಜೀಪಿನೊಳಗೆ ಕೂತು ಮತ್ತೆ ಅಳೆದಳು. ಮತ್ತೆ ಅರವತ್ತೈದೇ ಬಂತು. ಎಷ್ಟು ಸಲ ಅಳೆದರೂ ಅದೇ ಬರುತ್ತಿತ್ತು, ಅದೇ ಅವಳಿಗೆ ಧೈರ್ಯ ಕೊಡುತ್ತಿತ್ತು.

ಅವಳು ಉಳಿದುಕೊಂಡದ್ದು ಪ್ರಸಾದರ ಹೋಂಸ್ಟೇಯಲ್ಲಿ. ಮೂರನೇ ರಾತ್ರಿ ಕಳೆದ ಬೆಳಿಗ್ಗೆ ಊಟದ ಹಾಲಿನಲ್ಲಿ ಪ್ರಸಾದರು ಅವಳ ಮುಂದೆ ಕಡುಬು ಇಟ್ಟು ಎದುರಿಗೆ ಕೂತರು. ಅವಳು ತಿನ್ನಲಿಲ್ಲ. ಮಾತು ಬೇರೆ ಕಡೆ ತಿರುಗಿಸಲೆಂದು ಅವರು ಗೋಡೆಯ ಚಿತ್ರದ ಕಡೆ ನೋಡಿದರು.

"ನೀನು ಚಿತ್ರ ಚಂದ ಮಾಡಿದ್ದೀ ಮಾರಾಯ್ತಿ. ಆದ್ರೆ ಒಂದು ವಿಷಯ ನನಗೆ ಯಾವಾಗ್ಲೂ ವಿಚಿತ್ರ ಅನ್ಸೂದು. ಹಿಂದಿನ ಬಂಡೆ ಮೇಲೆ ನಿಂತು ನೋಡಿದ್ರೆ ಕಣಿವೆ ಇಷ್ಟು ಅಗಲ ಕಾಣೂದಿಲ್ಲ."

"ಹಾಗಂದ್ರೆ?"

"ಎಂತ ಇಲ್ಲ. ನಮ್ಮ ಅಪ್ಪಯ್ಯ ಈ ಮನೆ ಕಟ್ಟುವಾಗ ಆ ಬಂಡೆ ಮೇಲೆ ನಿಂತೇ ದಿಕ್ಕು ನೋಡಿದ್ದು. ಒಂದು ಕೈ ಗಾಳಿಗುಡ್ಡಕ್ಕೆ ಚಾಚಿ, ಇನ್ನೊಂದು ಕೈ ಆ ಕಡೆ ದಿಬ್ಬಕ್ಕೆ, ಈಗ ಮೊಬೈಲ್ ಟವರ್ ಇದ್ಯಲ್ಲ, ಅಲ್ಲಿಗೆ ಚಾಚಿದ್ರೆ ಸರಿಯಾಗಿ ಮೂಲೆಮಟ್ಟ ಆಗ್ತದೆ ಅಂತ ಹೇಳ್ತಿದ್ರು. ನಿನ್ನ ಚಿತ್ರದಲ್ಲಿ ಟವರ್ ಇನ್ನೂ ಆಚೆ ಹೋದ ಹಾಗೆ ಕಾಣ್ತದೆ ನನಗೆ. ಇಷ್ಟು ದೊಡ್ಡದು ಮಾಡಿದ್ರಿಂದ ಹಾಗಿರ್ಬಹುದು."

ಗಾನವಿ ತಟ್ಟೆ ಸರಿಸಿ ಎದ್ದಳು. ಲ್ಯಾಪ್‌ಟಾಪ್ ತೆರೆದು ಚಿತ್ರದಲ್ಲಿ ಗಾಳಿಗುಡ್ಡದಿಂದ ಟವರಿಗೆ ಅಳೆದಳು. ನೂರೆಂಟು ಡಿಗ್ರಿ. ನಕ್ಷೆಯಲ್ಲಿ ಅಳೆದಳು. ತೊಂಬತ್ತು, ಸರಿಯಾದ ಮೂಲೆಮಟ್ಟ.

ಅವಳು ಇಷ್ಟು ದಿನ ಒಂದೇ ಗುರುತನ್ನು ಹಿಡಿದು ಅಳೆದಿದ್ದಳು, ಗಾಳಿಗುಡ್ಡವನ್ನು. ಇನ್ನೊಂದು ತುದಿಯನ್ನು ನಕ್ಷೆಯ ಜೊತೆ ಹೋಲಿಸಿ ನೋಡಿರಲಿಲ್ಲ. ನೋಡಿದ್ದರೆ ಅರ್ಧ ಗಳಿಗೆಯ ಕೆಲಸ.

ಕ್ಯಾಮೆರಾ ಚೀಲದಿಂದ ಲೆನ್ಸ್ ತೆಗೆದಳು. ಅದು ಅವಳ ಸೋದರಮಾವನ ಹಳೇ ಲೆನ್ಸು. ಹೊಸ ಲೆನ್ಸುಗಳಾದರೆ ತಮ್ಮ ಅಳತೆಯನ್ನು ತಾವೇ ಕ್ಯಾಮೆರಾಕ್ಕೆ ತಿಳಿಸುತ್ತವೆ. ಇದು ತಿಳಿಸುತ್ತಿರಲಿಲ್ಲ. ಫೋಟೋಗಳನ್ನು ಕೂಡಿಸುವ ಸಾಫ್ಟ್‌ವೇರ್ ಡಿಸೆಂಬರಿನಲ್ಲಿ ಲೆನ್ಸಿನ ಅಳತೆ ಕೇಳಿದಾಗ ಅವಳು ಇಪ್ಪತ್ತೆಂಟು ಎಂದು ಒತ್ತಿದ್ದಳು. ಮಾವ ಹಾಗೆ ಹೇಳಿದ್ದ ನೆನಪು. ಸಾಫ್ಟ್‌ವೇರ್ ಆ ಅಂಕಿಯನ್ನೇ ನಂಬಿ ನೋಟದ ಅಗಲವನ್ನು ಲೆಕ್ಕ ಹಾಕಿತ್ತು. ಅಂಚುಗಳು ಕೂಡುವಲ್ಲಿ ಒಂದೆರಡು ಮರದ ಕೊಂಬೆ ಎರಡೆರಡಾಗಿದ್ದವು. ಅವನ್ನು ಕೈಯಿಂದಲೇ ಅಳಿಸಿ ಸರಿ ಮಾಡಿದ್ದಳು. ಸುತ್ತಲೂ ತಿರುಗಿ ತೆಗೆದ ಪೂರ್ತಿ ವೃತ್ತದ ಚಿತ್ರವಾಗಿದ್ದರೆ ಕೊನೆಯ ಫೋಟೋ ಮೊದಲನೆಯದಕ್ಕೆ ಕೂಡದೆ ತಪ್ಪು ಅಲ್ಲೇ ಬಯಲಾಗುತ್ತಿತ್ತು. ಇದು ಗೋಡೆಗೆ ಹಾಕುವ ಅರ್ಧ ನೋಟ. ಎರಡು ತುದಿಗಳೂ ಎಲ್ಲೂ ಸೇರಬೇಕಾಗಿರಲಿಲ್ಲ.

ಕಿಟಕಿಯ ಬೆಳಕಿಗೆ ಲೆನ್ಸಿನ ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಣ್ಣ ಮಾಸಿದ್ದರೂ ಕೊರೆದ ಗುರುತು ಉಳಿದಿತ್ತು. ಮೂವತ್ತೈದು.

ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ನೋಟ ಅಗಲ. ಚಿತ್ರದಲ್ಲಿದ್ದ ಅಗಲ ಅಷ್ಟೂ ಹಿಗ್ಗಿಹೋದ ಅಗಲ. ಸರಿಪಡಿಸಿ ಮತ್ತೆ ಅಳೆದರೆ ಮನೆ ಗಾಳಿಗುಡ್ಡದಿಂದ ಅರವತ್ತೈದಲ್ಲ, ಐವತ್ತನಾಲ್ಕು ಡಿಗ್ರಿಯಲ್ಲಿತ್ತು. ಗೆರೆ ಆನೆಬಂಡೆಯ ಈಚೆಗೆ, ಹಳ್ಳದ ಕಡೆಗೆ ಬಿತ್ತು.

"ಪ್ರಸಾದಣ್ಣ, ಜೀಪು ತೆಗೀರಿ," ಎಂದಳು. ಅವಳ ಮುಖ ನೋಡಿ ಅವರು ಕೀಲಿ ತೆಗೆದುಕೊಂಡು ಎದ್ದರು.

ಅಶ್ವಿನ್ ಟಾರ್ಪಾಲಿನ ಕೆಳಗೆ ನಿಂತು ಚಹಾ ಕುಡಿಯುತ್ತಿದ್ದ. ಸ್ವಲ್ಪ ದೂರದಲ್ಲಿ ಬಾಲರಾಜ್ ಒಂದು ಮರದ ದಿಮ್ಮಿಯ ಮೇಲೆ ಕೂತಿದ್ದ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಯೋಚಿಸಿದ್ದ ಗಾನವಿಗೆ ಅಲ್ಲಿ ಬಂದು ನಿಂತಾಗ ಒಂದೇ ಮಾತು ಬಂತು.

"ಸರ್, ನನ್ನ ಲೆಕ್ಕ ತಪ್ಪು. ಮನೆ ಈ ಕಡೆ ಇಲ್ಲ. ಬಂಡೆಯ ಆ ಕಡೆ ಇದೆ."

ಅಶ್ವಿನ್ ಲೋಟ ಕೆಳಗಿಟ್ಟ. "ಈಗ ಹೇಗೆ ಗೊತ್ತಾಯ್ತು?"

ಅವಳು ಹೇಳಿದಳು. ಟವರು, ಲೆನ್ಸು, ಅಂಕಿ. ಅಶ್ವಿನ್ ನಕ್ಷೆಯನ್ನು ಕೈಗೆ ತೆಗೆದುಕೊಂಡು ಎರಡೂ ಗೆರೆಗಳನ್ನು ನೋಡಿದ. ಬೈಯುತ್ತಾನೆಂದು ಅವಳು ಕಾದಳು. ಅವನು ಬೈಯಲಿಲ್ಲ. ಹಿಟಾಚಿ ಡ್ರೈವರನಿಗೆ ಕೈ ಮಾಡಿ, ಮಷೀನು ತಿರುಗಿಸು ಎಂದ.

ಬಾಲರಾಜ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ದಿಮ್ಮಿಯಿಂದ ಎದ್ದು ಗಾನವಿಯ ಎದುರಿನಿಂದಲೇ ಹಾದು, ಪಿಕಾಸಿ ಹೆಗಲಿಗೆ ಹಾಕಿಕೊಂಡು, ಹಿಟಾಚಿಗಿಂತ ಮುಂಚೆ ಆನೆಬಂಡೆಯನ್ನು ಬಳಸಿ ಆಚೆಗೆ ಹೋದ. ಅವಳನ್ನು ನೋಡಲಿಲ್ಲ.

ಹಳ್ಳದ ಕಡೆಯ ರಾಶಿಯಲ್ಲಿ ಹೆಚ್ಚು ಹೊತ್ತು ಅಗೆಯಬೇಕಾಗಲಿಲ್ಲ. ಮಧ್ಯಾಹ್ನಕ್ಕೆ ನೀಲಿ ತಗಡಿನ ತುಂಡೊಂದು ಮೇಲೆದ್ದಿತು. ಆಮೇಲೆ ಹಿಟಾಚಿ ನಿಲ್ಲಿಸಿ ಕೈಯಲ್ಲೇ ತೆಗೆದರು. ಉಳಿದ ಮನೆ ಚೂರುಚೂರಾಗಿತ್ತು. ಅಡಿಗೆಮನೆ ಮಾತ್ರ ಜಾರಿಬಂದು ಆನೆಬಂಡೆಯ ಬಗಲಿಗೆ ಒತ್ತಿಕೊಂಡು ನಿಂತಿತ್ತು. ಸಾಮಾನು ಇಡುವ ಸಜ್ಜೆಯ ಸ್ಲ್ಯಾಬು ಗೋಡೆಗೆ ಓರೆಯಾಗಿ ಒರಗಿ, ಅದರ ಕೆಳಗೆ ಇಬ್ಬರು ಮುದುಡಿ ಕೂರುವಷ್ಟು ಜಾಗ ಉಳಿದಿತ್ತು.

ಇಬ್ಬರೂ ಅಲ್ಲೇ ಇದ್ದರು. ರೇವತಿಯ ಸೊಂಟದವರೆಗೆ ಮಣ್ಣು ತುಂಬಿತ್ತು. ಅವಳ ತಲೆ ಅತ್ತೆಯ ತೊಡೆಯ ಮೇಲಿತ್ತು. ಹುಚ್ಚಮ್ಮನ ಬಲಗೈಯಲ್ಲಿ ಸ್ಟೀಲಿನ ಸೌಟು. ಅದರ ಬಟ್ಟಲು ಚಪ್ಪಟೆಯಾಗಿ ಮಡಚಿಹೋಗಿತ್ತು. ಅವಳ ತಲೆಯ ಮೇಲಿನ ಸ್ಲ್ಯಾಬಿನಲ್ಲಿ, ಕೈ ಎಟುಕುವ ಒಂದೇ ಜಾಗದಲ್ಲಿ, ಗಾರೆ ಉದುರಿ ಗುಳಿ ಬಿದ್ದಿತ್ತು.

ಮುದ್ದಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ರಕ್ಷಣಾ ದಳದ ಹುಡುಗನೊಬ್ಬ ಹೆಲ್ಮೆಟ್ ತೆಗೆದು ಆ ಕಡೆ ತಿರುಗಿ ನಿಂತ. ಬಾಲರಾಜ್ ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದ. ಬಿಡಿಸಲಾಗಲಿಲ್ಲ.

ಆಸ್ಪತ್ರೆಯ ಶವಾಗಾರದ ಹೊರಗೆ ಡಾಕ್ಟರು ಬಂದಾಗ ಬಾಲರಾಜ್ ಎದ್ದು ಕೈಮುಗಿದ. "ಸರ್, ಒಂದು ಕೇಳ್ತೇನೆ. ಜೀವ ಕೂಡ್ಲೆ ಹೋಯ್ತಾ?"

ಡಾಕ್ಟರು ಕೈಯಲ್ಲಿದ್ದ ಕಾಗದವನ್ನೇ ನೋಡುತ್ತ, "ಹೆಚ್ಚು ಹೊತ್ತು ಕಷ್ಟ ಆಗಿಲ್ಲಪ್ಪ," ಎಂದರು.

ಗಾನವಿ ಹತ್ತಿರದ ಕಂಬಕ್ಕೆ ಒರಗಿ ನಿಂತಿದ್ದಳು. ಒಳಗೆ ಹೋಗಿ, ಎಷ್ಟು ಹೊತ್ತು ಜೀವವಿತ್ತು, ಎಂದು ತಾನೂ ಕೇಳಬೇಕೆನ್ನಿಸಿತು. ಕೇಳುವ ಧೈರ್ಯ ಬರಲಿಲ್ಲ. ಆ ಧೈರ್ಯ ಆಮೇಲೂ ಬರಲಿಲ್ಲ.

ಮಳೆಗಾಲ ಮುಗಿಯಿತು. ಅವಳ ಮೇಲೆ ಯಾರೂ ದೂರು ಕೊಡಲಿಲ್ಲ. ಪತ್ರಿಕೆಯಲ್ಲಿ ಅವಳ ಹೆಸರು ಬರಲಿಲ್ಲ. ಪ್ರಸಾದರು ಆಗಾಗ ಫೋನ್ ಮಾಡಿ, "ನೀನೇನು ಬೇಕಂತ ಮಾಡಿದ್ದಾ? ನೀನಿಲ್ಲದಿದ್ರೆ ಅವ್ರು ಸಿಗ್ತಾನೇ ಇರ್ಲಿಲ್ಲ," ಎನ್ನುತ್ತಿದ್ದರು. ಆ ಮಾತಿನಿಂದ ಅವಳಿಗೆ ಇನ್ನೂ ಸಂಕಟವಾಗುತ್ತಿತ್ತು. ಅತ್ತಿಗುಂಡಿಯ ಕಡೆ ರೆಸಾರ್ಟೊಂದರವರು ಅಂಥದ್ದೇ ಅಗಲದ ಚಿತ್ರ ಬೇಕೆಂದು ಕರೆದರು. ಹೋದಳು. ಟ್ರೈಪಾಡ್ ನಿಲ್ಲಿಸಿ, ಲೆನ್ಸು ಹಾಕಿ, ಎದುರಿನ ಬೆಟ್ಟದ ಮೇಲೆ ಅಲ್ಲೊಂದು ಇಲ್ಲೊಂದು ಕಂಡ ಮನೆಗಳ ಮಾಡುಗಳನ್ನು ನೋಡುತ್ತ ನಿಂತಳು. ಒಂದು ಫೋಟೋವನ್ನೂ ತೆಗೆಯದೆ, ಮೈಯಲ್ಲಿ ಹುಷಾರಿಲ್ಲವೆಂದು ಹೇಳಿ ವಾಪಸ್ಸು ಬಂದಳು. ಆಮೇಲೆ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ಬಿಟ್ಟು ಬೇರೇನೂ ಮಾಡಲಿಲ್ಲ.

ಬಾಲರಾಜ್ ಹೊನ್ನೆಕಾಡು ಬಿಟ್ಟು ಮಲ್ಲಂದೂರಿನ ತನ್ನ ತಂಗಿ ಕುಸುಮಾಳ ಮನೆಯಲ್ಲಿದ್ದಾನೆಂದು ಮುದ್ದಮ್ಮನಿಂದ ತಿಳಿಯಿತು. ಹೂಮಳೆ ಬಿದ್ದು, ಕಾಫಿ ಅರಳಿ, ತೋಟಗಳೆಲ್ಲ ಬೆಳ್ಳಗಾಗಿದ್ದ ವಾರ ಗಾನವಿ ಬಸ್ಸು ಹತ್ತಿ ಅಲ್ಲಿಗೆ ಹೋದಳು. ಅವನು ಬೈಯಬೇಕು ಎಂಬುದೊಂದೇ ಅವಳ ಮನಸ್ಸಿನಲ್ಲಿತ್ತು. ಬೈದರೆ ಏನಾಗುತ್ತದೆಂದು ಯೋಚಿಸಿರಲಿಲ್ಲ.

ಕುಸುಮಾ ಅವಳಿಗೆ ಚಾಪೆ ಹಾಸಿ, ಬೆಲ್ಲದ ಕಾಫಿ ಕೊಟ್ಟಳು. ಬಾಲರಾಜ್ ಬಾಗಿಲ ಹೊಸ್ತಿಲ ಮೇಲೆ ಕೂತ. ಗಡ್ಡ ಬೆಳೆದಿತ್ತು, ಮೊದಲಿಗಿಂತ ಅರ್ಧ ಆಗಿದ್ದ.

"ಬಾಲರಾಜ್, ಅವತ್ತು ಅಲ್ಲಿ ಎಲ್ಲರ ಮುಂದೆ ಹೇಳಿದೆ. ನಿಮಗೆ ಅಂತ ಹೇಳ್ಲಿಲ್ಲ. ತಪ್ಪು ನನ್ನದು. ಆ ಲೆನ್ಸನ್ನ ಒಂದು ಸಲ ಸರಿಯಾಗಿ ನೋಡಿದ್ದಿದ್ರೆ..."

"ಮೊದ್ಲನೇ ದಿನಾನೇ ಗೊತ್ತಾಗ್ತಿತ್ತಾ ಅಕ್ಕ?"

ಸುಳ್ಳು ಹೇಳಬಹುದಿತ್ತು. "ಗೊತ್ತಾಗ್ತಿತ್ತು," ಎಂದಳು.

ಅವನು ತಲೆಯಾಡಿಸಿದ. ಅಂಗಳದಲ್ಲಿ ಮೇಯುತ್ತಿದ್ದ ಕೋಳಿಗಳನ್ನು ನೋಡುತ್ತ ಕೇಳಿದ.

"ಅಲ್ಲಿ ಹಿಟಾಚಿ ನಿಲ್ಸಿ, ಎಲ್ರೂ ಸುಮ್ನಿರಿ, ಕಿವಿ ಕೊಡಿ ಅಂದ್ರಲ್ಲ, ನೆನಪುಂಟಾ?"

"ಉಂಟು."

"ಎಲ್ರೂ ಸುಮ್ನಾದ್ರು. ನಾನೊಬ್ನೇ ಸುಮ್ನಿರ್ಲಿಲ್ಲ. ಅಮ್ಮಾ, ಅಮ್ಮಾ ಅಂತ ಕೂಗ್ತಾನೇ ಇದ್ದೆ. ಅಶ್ವಿನ್ ಸರ್ ಬಾಯಿಗೆ ಕೈ ಇಟ್ರು, ಆದ್ರೂ ಬಿಡ್ಲಿಲ್ಲ. ಬಂಡೆ ಆಚೆ ಅಮ್ಮ ಸೌಟಲ್ಲಿ ಕುಟ್ತಾ ಇದ್ಲು. ನಾನು ಕೂಗ್ದೆ ಇದ್ದಿದ್ರೆ ಕೇಳ್ತಿತ್ತೇನೋ."

"ಹಾಗಲ್ಲ ಬಾಲರಾಜ್. ಹಳ್ಳದ ಸದ್ದು ಇತ್ತು, ಅಷ್ಟು ದೂರಕ್ಕೆ ಕೇಳ್ತಿರ್ಲಿಲ್ಲ."

"ಅದು ನಿಮಗೆ ಹೇಗೆ ಗೊತ್ತು?"

ಗಾನವಿ ಕೈಯಲ್ಲಿದ್ದ ಲೋಟವನ್ನು ಚಾಪೆಯ ಪಕ್ಕ ಇಟ್ಟಳು.

"ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಅಕ್ಕ," ಎಂದ ಬಾಲರಾಜ್. "ಸಿಟ್ಟು ಬಂದ್ರೆ ಒಳ್ಳೇದಿತ್ತು. ಬರೂದಿಲ್ಲ. ನೀವು ಇನ್ನು ಬರ್ಬೇಡಿ. ನಿಮಗೂ ಕಷ್ಟ, ನನಗೂ ಕಷ್ಟ." ಎದ್ದು ತೋಟದ ಕಡೆ ಹೊರಟುಹೋದ. ಅವಳ ಲೋಟದಲ್ಲಿ ಕಾಫಿ ಹಾಗೇ ಉಳಿಯಿತು.

ಕುಸುಮಾ ಬಸ್ ಸ್ಟಾಪಿನವರೆಗೂ ಜೊತೆಗೆ ಬಂದಳು. ದಾರಿಯಲ್ಲಿ, ಯಾರಿಗೂ ಕೇಳಬಾರದೆಂಬಂತೆ ದನಿ ತಗ್ಗಿಸಿ ಹೇಳಿದಳು. "ಅಣ್ಣ ನಿದ್ದೆ ಮಾಡೂದಿಲ್ಲ ಮೇಡಂ. ಗೋಡೆಗೆ ಕಿವಿ ಇಟ್ಕೊಂಡು ಕೂತಿರ್ತಾನೆ. ನಾವು ಒಳಗೆ ಪಾತ್ರೆ ಸದ್ದು ಮಾಡೂದನ್ನೇ ಬಿಟ್ಟಿದ್ದೇವೆ."

ಕುಸುಮಾ ಗಾನವಿಯ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು. ಬಸ್ಸು ತಡವಾಗಿ ಬಂತು. ಅಷ್ಟು ಹೊತ್ತೂ ಇಬ್ಬರು ಹೆಂಗಸರು ರಸ್ತೆಯ ಬದಿಯಲ್ಲಿ ಅಕ್ಕಪಕ್ಕ ನಿಂತಿದ್ದರು.